ಸಿಂಪ್ಲನ್ ಕಾರಿನ ಬೆನ್ನು

ಕಾರುಗಳ ಬಗ್ಗೆ ಬರೆಯುವವರಿಗೆ ಒಂದು ಕೆಟ್ಟ ಚಾಳಿಯಿದೆ. ಎಂಜಿನ್ನಿಗೆ ಎಷ್ಟು ಕುದುರೆಗಳ ಬಲ, ಗಂಟೆಗೆ ಎಷ್ಟು ಮೈಲಿ ಓಡುತ್ತದೆ, ಚಿತ್ರ ಬರೆದ ಮಹಾಶಯ ಯಾರು, ಇಷ್ಟನ್ನು ಪುಟಗಟ್ಟಲೆ ಬರೆಯುತ್ತಾರೆ. ಆ ಚಿತ್ರವನ್ನು ತಗಡಿಗೆ ಇಳಿಸಿದ ಕೈ ಯಾರದು ಎಂದು ಒಬ್ಬನೂ ಕೇಳುವುದಿಲ್ಲ. ಮೆರಿಡ್ಯೂ ಕಂಪನಿಯ ಸಿಂಪ್ಲನ್ ಕಾರನ್ನು ನೋಡಿದವರೆಲ್ಲ ಅದರ ಬೆನ್ನಿಗೆ ಮರುಳಾಗುತ್ತಾರೆ. ಚಾವಣಿಯಿಂದ ಇಳಿದು, ಹಿಂದಿನ ಕಿಟಕಿಯ ಪಕ್ಕದಲ್ಲಿ ಒಳಕ್ಕೆ ತಗ್ಗಿ, ಮತ್ತೆ ಹಿಂಚಕ್ರದ ಮೇಲೆ ಉಬ್ಬಿ ಬಾಲದವರೆಗೆ ಹರಿಯುವ ಆ ತಗಡಿನಲ್ಲಿ ಬೆಸುಗೆಯ ಒಂದು ಗೆರೆಯೂ ಇಲ್ಲ. ಅದನ್ನು ಬಗ್ಗಿಸಿದವಳು ಐವಿ ಹಾಬ್ಡೇ, ಇಂಗ್ಲೆಂಡಿನ ಕಾವೆಂಟ್ರಿಯ ಬಸ್ ಡ್ರೈವರ್ ಸಿಡ್ ಹಾಬ್ಡೇಯ ಹೆಂಡತಿ. ಪುಸ್ತಕಗಳಲ್ಲಿ ಅವಳ ಹೆಸರಿಲ್ಲ. ಅದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದೇಕೆ?

ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಐವಿ ಮೆರಿಡ್ಯೂ ಕಾರ್ಖಾನೆಯ ಗೇಟು ದಾಟಿದಾಗ ಅವಳಿಗೆ ಹತ್ತೊಂಬತ್ತು ವರ್ಷ. ಊರಿನ ಅರ್ಧ ಬಾಂಬಿಗೆ ಸುಟ್ಟುಹೋಗಿತ್ತು. ಹೆಚ್ಚಿನ ಗಂಡಸರು ಯುದ್ಧಕ್ಕೆ ಹೋಗಿದ್ದರು. ಕಾರು ಮಾಡುತ್ತಿದ್ದ ಜಾಗದಲ್ಲಿ ವಿಮಾನದ ಭಾಗಗಳು ತಯಾರಾಗುತ್ತಿದ್ದವು. ತಗಡಿನ ಶಾಪಿಗೆ ಬಂದ ಹನ್ನೆರಡು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿಕೊಂಡು ಈನಕ್ ಟ್ರಾಂಟರ್ ಮೇಲಿಂದ ಕೆಳಗೆ ನೋಡಿದ. ಆ ಶಾಪಿನಲ್ಲಿ ಅವನದೇ ಕೊನೆಯ ಮಾತು. ಮಾತು ಒರಟು, ಮೀಸೆ ದಪ್ಪ, ಕೈ ಮಾತ್ರ ಬೆಣ್ಣೆ.

ಅಲ್ಲಿ ಎಲ್ಲರೂ "ಚಕ್ರ" ಎನ್ನುತ್ತಿದ್ದುದು ಆಳೆತ್ತರದ ಕಬ್ಬಿಣದ ಚೌಕಟ್ಟಿನ ಒಂದು ಯಂತ್ರ. ಮೇಲೊಂದು ಉಕ್ಕಿನ ಉರುಳೆ, ಕೆಳಗೊಂದು ಉರುಳೆ. ನಡುವೆ ಅಲ್ಯೂಮಿನಿಯಂ ತಗಡು ತೂರಿಸಿ ಹಿಂದಕ್ಕೂ ಮುಂದಕ್ಕೂ ಎಳೆದರೆ, ಉರುಳೆ ಒತ್ತಿದಲ್ಲಿ ತಗಡು ಹಿಗ್ಗಿ ಉಬ್ಬುತ್ತದೆ. ಚಪಾತಿ ಲಟ್ಟಿಸಿದಷ್ಟೇ ಸುಲಭ ಎಂದು ನೋಡಿದವರಿಗೆ ಅನ್ನಿಸುತ್ತದೆ. ಹತ್ತು ವರ್ಷ ಎಳೆದರೂ ಕೆಲವರಿಗೆ ಅದು ಬರುವುದಿಲ್ಲ. ಐವಿಗೆ ಆರು ತಿಂಗಳಲ್ಲಿ ಬಂತು.

"ಕಣ್ಣು ಮುಚ್ಚು," ಎಂದಿದ್ದ ಈನಕ್ ಮೊದಲ ದಿನ.

"ಮುಚ್ಚಿದ್ರೆ ಕಾಣೋದು ಹೇಗೆ, ಮಿಸ್ಟರ್ ಟ್ರಾಂಟರ್?"

"ಕಾಣೋಕೆ ಕಣ್ಣು ಯಾಕೆ ಬೇಕು? ಬೆಳಕು ಕಣ್ಣಿಗೆ ಮೋಸ ಮಾಡುತ್ತೆ. ಎಡಗೈ ಇಡು. ಬಲಗೈ ಬೇಡ ಕಣೇ, ಸುತ್ತಿಗೆ ಹಿಡಿದೂ ಹಿಡಿದೂ ಅದರ ಚರ್ಮ ಸತ್ತಿರುತ್ತೆ."

ಅದು ಆ ಶಾಪಿನ ಹಳೆಯ ಪದ್ಧತಿ. ಮುಗಿದ ತಗಡನ್ನು ಮರದ ಕಾಲ್ಮಣೆಯ ಮೇಲಿಡುತ್ತಿದ್ದರು. ಹಿರಿಯ ಕುಶಲಕರ್ಮಿ ಕಣ್ಣು ಮುಚ್ಚಿ ಎಡ ಅಂಗೈಯನ್ನು ಅದರ ಮೇಲೆ ಹಾಯಿಸಿ, ಇದು ಪಾಸು ಅಥವಾ ಗುಜರಿ ಎಂದು ಹೇಳುತ್ತಿದ್ದ. ಮಾಡಿದವನು ಯಾರೆಂದೂ ಹೇಳುತ್ತಿದ್ದ. ಅಂಗೈ ಒಮ್ಮೆ ಹೇಳಿದ್ದನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಕಂಪನಿಯ ಮಾಲೀಕರು ಬಂದು ಹೇಳಿದರೂ ಇಲ್ಲ. ಪಾಸಾದ ಮೇಲೆ ಮಾಡಿದವರು ಒಳಮೈಯಲ್ಲಿ, ಬಣ್ಣ ಮೆತ್ತದ ಮೂಲೆಯಲ್ಲಿ, ತಮ್ಮ ಸಂಖ್ಯೆಯ ಉಕ್ಕಿನ ಅಚ್ಚನ್ನಿಟ್ಟು ಒಂದು ಏಟು ಹಾಕುತ್ತಿದ್ದರು. ಈನಕ್‌ನದು ಹನ್ನೆರಡು. ಐವಿಗೆ ಸಿಕ್ಕಿದ್ದು ನಲವತ್ತೇಳು.

ಮೂರು ವರ್ಷ ಅವಳು ಮಾಡಿದ್ದು ಒಂದೇ ಭಾಗ. ವಿಮಾನದ ರೆಕ್ಕೆ ಅದರ ಹೊಟ್ಟೆಗೆ ಸೇರುವಲ್ಲಿ ಕುದುರೆಯ ಜೀನಿನಂತೆ ಒಂದು ಕಡೆ ತಗ್ಗಿ ಇನ್ನೊಂದು ಕಡೆ ಉಬ್ಬುವ ತಗಡು. ಅದನ್ನು ಮಾಡುವ ಗುಟ್ಟನ್ನು ಈನಕ್‌ನೇ ಅವಳಿಗೆ ಕೊಟ್ಟಿದ್ದ. "ಅಂಚಿಗೆ ಮೊದಲು ಬಡಿಸು ಹುಡುಗಿ. ನಡು ತಾನಾಗೇ ಊಟಕ್ಕೆ ಬರುತ್ತೆ."

ಯುದ್ಧ ಮುಗಿಯಿತು. ಗಂಡಸರು ಮರಳಿದರು. ಒಂದು ಶುಕ್ರವಾರ ಈನಕ್ ತಗಡಿನ ಡಬ್ಬಿ ಹಿಡಿದು ಹುಡುಗಿಯರ ಮುಂದೆ ಬಂದ. ಚರ್ಮದ ಏಪ್ರನ್ ಬಿಚ್ಚಿ ಒಂದು ಕಡೆ ಇಡಬೇಕು, ಅಚ್ಚನ್ನು ಡಬ್ಬಿಯೊಳಗೆ ಹಾಕಬೇಕು.

"ಗಂಡಸ್ರು ವಾಪಸ್ ಬಂದ್ರು ಕಣೇ," ಎಂದ ನೆಲ ನೋಡುತ್ತ. "ಚಕ್ರದ ಮೇಲೆ ಹೆಂಗಸರು ಇರೋ ಹಾಗಿಲ್ಲ ಅಂತ ಕಾರ್ಮಿಕ ಸಂಘದ ರೂಲ್ಸು. ರೂಲ್ಸು ನಂದಲ್ಲ."

"ಸಂಘದ ಕುರ್ಚಿಲಿ ಕೂತಿರೋರು ನೀವೇ ಅಲ್ವಾ, ಮಿಸ್ಟರ್ ಟ್ರಾಂಟರ್?"

ಅವನು ಡಬ್ಬಿಯನ್ನು ಮುಂದೆ ಚಾಚಿದ. ನಲವತ್ತೇಳು ಟಣ್ ಎಂದು ಡಬ್ಬಿಗೆ ಬಿತ್ತು. ಹನ್ನೊಂದು ಹುಡುಗಿಯರು ಮನೆಗೆ ಹೋದರು. ಐವಿ ಮಾತ್ರ ಅಂಗಳ ದಾಟಿ ಚರ್ಮದ ಶಾಪಿಗೆ ಹೋಗಿ ಸೀಟು ಹೊಲಿಯಲು ಕೂತಳು. ಹದಿನೈದು ವರ್ಷ ಹೊಲಿದಳು. ಕಿಟಕಿಯಿಂದ ಚಕ್ರಗಳು ಕಾಣುತ್ತಿದ್ದವು, ಅವುಗಳ ಸದ್ದೂ ಕೇಳುತ್ತಿತ್ತು. ಯಾವ ಚಕ್ರದ ಉರುಳೆ ಸವೆದಿದೆ ಎಂದು ಅವಳಿಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಆಗೆಲ್ಲ ಸೂಜಿ ಹಿಡಿದ ಕೈ ಸುಮ್ಮನೆ ನಿಂತುಬಿಡುತ್ತಿತ್ತು.

ಆ ಹದಿನೈದು ವರ್ಷಗಳಲ್ಲಿ ಕಾರು ಬೇರೆಯೇ ಪ್ರಾಣಿಯಾಯಿತು. ಯುದ್ಧಕ್ಕೆ ಮುಂಚಿನ ಮೆರಿಡ್ಯೂಗೆ ಬರೀ ಅಂಗಗಳಿದ್ದವು. ಮೂತಿ ಬೇರೆ, ದೀಪ ಬೇರೆ, ಗಾಲಿಗಳ ಮೇಲಿನ ರೆಕ್ಕೆಗಳು, ಅಂದರೆ ಮಡ್‌ಗಾರ್ಡುಗಳು, ಬೇರೆ, ಹತ್ತಲು ಪಕ್ಕದಲ್ಲೊಂದು ಮೆಟ್ಟಿಲು. ನಲವತ್ತೆಂಟರ ಕಾರಿನಲ್ಲಿ ದೀಪಗಳು ರೆಕ್ಕೆಯೊಳಗೆ ಸೇರಿಕೊಂಡವು. ಆದರೂ ಮೇಲಿದ್ದುದು ಬಟ್ಟೆಯ ಮಡಿಕೆ ಚಾವಣಿ, ಮಳೆ ಬಂದರೆ ಸಾಹೇಬರ ಟೋಪಿಯೊಳಗೆ ನೀರು. ಐವತ್ತನಾಲ್ಕರಲ್ಲಿ ಗಟ್ಟಿ ಚಾವಣಿ ಬಂತು. ಅಲ್ಲಿಂದ ಶ್ರೀಮಂತರಿಗೆ ಹೊಸ ಹುಚ್ಚು ಹಿಡಿಯಿತು. ಇಬ್ಬರು ಮನುಷ್ಯರು, ಎರಡು ಪೆಟ್ಟಿಗೆ. ಲಂಡನ್ನಿನಲ್ಲಿ ತಿಂಡಿ ಮುಗಿಸಿ ಹೊರಟವರು ಮರುದಿನ ಊಟದ ಹೊತ್ತಿಗೆ ಮೆಡಿಟರೇನಿಯನ್ ದಡದಲ್ಲಿರಬೇಕು, ಇಳಿದಾಗ ಕೋಟಿನಲ್ಲಿ ಒಂದು ಸುಕ್ಕೂ ಇರಬಾರದು. ರೇಸಿನ ಕಾರಿನ ಓಟ, ಮನೆಯ ಸೋಫಾದ ಸುಖ. ಇದಕ್ಕೆ ಗ್ರ್ಯಾಂಡ್ ಟೂರಿಂಗ್ ಎಂದು ದೊಡ್ಡ ಹೆಸರಿಟ್ಟರು. ಅಂಥ ಕಾರಿಗೆ ಅಂಗಗಳು ಸಾಲವು, ದೇಹ ಬೇಕು, ಮೂತಿಯಿಂದ ಬಾಲದವರೆಗೆ ಒಂದೇ ದೇಹ.

ಆ ದೇಹವನ್ನು ಅರುವತ್ತರ ವಸಂತದಲ್ಲಿ ವಿನ್ಯಾಸಕಾರ ಕ್ವೆನೆಲ್ ಸಾಹೇಬರು ಕಾಗದದ ಮೇಲೆ ಬರೆದರು. ಆಲ್ಪ್ಸ್ ಬೆಟ್ಟದ ಒಂದು ಕಣಿವೆದಾರಿಯ ಹೆಸರನ್ನೇ ಇಟ್ಟರು, ಸಿಂಪ್ಲನ್. ಅಕ್ಟೋಬರಿನ ಲಂಡನ್ ಪ್ರದರ್ಶನದಲ್ಲಿ ಅದು ತಿರುಗುವ ವೇದಿಕೆಯ ಮೇಲೆ ನಿಲ್ಲಬೇಕು. ಎಲ್ಲ ಸರಿಯಿತ್ತು, ಬೆನ್ನೊಂದನ್ನು ಬಿಟ್ಟು. ಅದರ ಒಂದೊಂದು ಪಕ್ಕವನ್ನೂ ಒಂದೇ ತಗಡಿನಲ್ಲಿ ಮಾಡಬೇಕೆಂದು ಕ್ವೆನೆಲ್ ಹಟ ಹಿಡಿದರು. ಮೂರು ತುಂಡು ಬೆಸೆದರೆ, ಎಷ್ಟೇ ಉಜ್ಜಿದರೂ ವರ್ಷದೊಳಗೆ ಬಣ್ಣದ ಕೆಳಗಿಂದ ಗೆರೆ ಇಣುಕುತ್ತದೆ. ಅವರ ಹಟದಲ್ಲಿ ಸುಳ್ಳಿರಲಿಲ್ಲ.

ಈನಕ್ ಹನ್ನೊಂದು ತಗಡು ಎಳೆದ. ಹನ್ನೊಂದೂ ತಗ್ಗಿನ ಜಾಗದಲ್ಲಿ ಸೀಳಿದವು. "ದೇವರು ಮಾಡಿದ್ರೂ ಇದಕ್ಕೆ ಬೆಸುಗೆ ಹಾಕಬೇಕು ಕಣ್ರಯ್ಯಾ!" ಎಂದು ಹನ್ನೊಂದನೆಯದನ್ನು ನೆಲಕ್ಕೆಸೆದ. ಹಿಂದಿನ ಸೀಟಿನ ಅಳತೆಗೆಂದು ಟೇಪು ಹಿಡಿದು ಬಂದಿದ್ದ ಐವಿ ಬಗ್ಗಿ ಆ ಸೀಳನ್ನು ನೋಡಿದಳು. ನಡುವಿನಿಂದ ಶುರುಮಾಡಿದ್ದಾರೆ. ಇದೇ ತಗಡನ್ನು ಅವಳು ನೂರಾರು ಸಲ ಮಾಡಿದ್ದಳು, ವಿಮಾನದ ಹೊಟ್ಟೆಗೆ.

"ಇದನ್ನ ನಾನು ಮಾಡಬಲ್ಲೆ," ಎಂದಳು.

"ಹೊಲಿಗೆ ಹಾಕಿ ಮಾಡ್ತೀಯೇನಮ್ಮಾ?" ಎಂದ ಯಾರೋ ಒಬ್ಬ. ಶಾಪಿಗೆ ಶಾಪೇ ನಕ್ಕಿತು. ಈನಕ್ ನಗಲಿಲ್ಲ. "ನಿನ್ ಸೂಜಿ ನಿಂಗೆ, ನಮ್ ಚಕ್ರ ನಮಗೆ. ನಡಿ ಹುಡುಗಿ," ಎಂದ. ಮೂವತ್ತೇಳು ವರ್ಷದ ಹುಡುಗಿ ಅಳತೆ ಮುಗಿಸಿ ನಡೆದಳು.

ಆದರೆ ಅವಳು ನಡೆದದ್ದು ಸೀದಾ ಮೇಸ್ತ್ರಿ ಪೆಟಿಫರ್‌ನ ಕೋಣೆಗೆ. ಪೆಟಿಫರ್ ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದ. ಬೆನ್ನಿಲ್ಲದ ಕಾರನ್ನು ಲಂಡನ್ನಿಗೆ ಕಳಿಸಬೇಕಾದವನು ಅವನೇ ತಾನೆ.

"ಮುಂದಿನ ವಾರದಿಂದ ಎರಡು ವಾರ ರಜೆ," ಎಂದಳು ಐವಿ. "ಊರಿಗೆ ಊರೇ ಸಮುದ್ರಕ್ಕೆ ಹೋಗುತ್ತೆ. ಶಾಪು ಖಾಲಿ. ನನ್ನ ಹಳೇ ಚಕ್ರ ಗೋದಾಮಿನಲ್ಲಿದೆ. ಮೂರು ತಗಡು ಕೊಡಿ."

"ಈನಕ್‌ಗೆ ಗೊತ್ತಾದ್ರೆ ನನ್ನ ಚರ್ಮ ಸುಲಿದು ನಿಂಗೇ ಹೊಲಿಯೋಕೆ ಕೊಡ್ತಾನೆ, ತಾಯಿ."

"ಅವರ ಅಂಗೈ ಒಪ್ಪಿದ್ರೆ ನಂಗೆ ನನ್ನ ಚಕ್ರ ವಾಪಸ್ ಬೇಕು. ಒಪ್ಪದಿದ್ರೆ ಸಾಯೋವರೆಗೂ ಸೀಟು ಹೊಲೀತೀನಿ, ಆ ಬಾಗಿಲ ಹತ್ರ ಸುಳಿಯಲ್ಲ. ಇಷ್ಟೇ."

ಪೆಟಿಫರ್ ಗಲ್ಲ ಕೆರೆದುಕೊಂಡ. "ಮಾಡಿದ್ದು ಯಾರು ಅಂತ ಮಾತ್ರ ನಾನು ಹೇಳಲ್ಲ. ನಿನ್ನ ಹೆಸರು ಕೇಳಿದ್ರೆ ಅವನ ಅಂಗೈಗೆ ಅಲ್ಲೇ ಕಿವುಡು ಬಡಿಯುತ್ತೆ."

ಸಿಡ್‌ಗೆ ಹೇಳುವುದೇ ಇದಕ್ಕಿಂತ ಕಷ್ಟವಾಯಿತು. ಸಮುದ್ರದ ಬದಿಯ ಬ್ಲ್ಯಾಕ್‌ಪೂಲಿನ ಅದೇ ವಸತಿಮನೆಯ ಅದೇ ಕೋಣೆಯಲ್ಲಿ ಒಂಬತ್ತು ವರ್ಷಗಳಿಂದ ಅವರ ರಜೆ. "ಅಂದ್ರೆ ನಾನೊಬ್ನೇ ಹೋಗಿ ದಡದಲ್ಲಿ ಕತ್ತೆ ಸವಾರಿ ಮಾಡ್ಲಾ?" ಎಂದು ಮುಖ ಊದಿಸಿಕೊಂಡ. ಸೋಮವಾರ ಬೆಳಗ್ಗೆ ನೋಡಿದರೆ ಚೀಸು-ಉಪ್ಪಿನಕಾಯಿಯ ಸ್ಯಾಂಡ್‌ವಿಚ್ ಕಟ್ಟಿಕೊಂಡು, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಅವಳಿಗಿಂತ ಮುಂಚೆ ಬಾಗಿಲಲ್ಲಿ ನಿಂತಿದ್ದ. ದೊಡ್ಡ ತಗಡಿಗೆ ಇನ್ನೊಂದು ತುದಿ ಹಿಡಿಯುವವನು ಬೇಕೇ ಬೇಕು. ಐವಿ ಅದನ್ನು ಅವನಿಗೆ ಹೇಳಿರಲಿಲ್ಲ, ಅವನೇ ಯಾರನ್ನೋ ಕೇಳಿ ತಿಳಿದುಕೊಂಡಿದ್ದ.

ಚಕ್ರದ ಮೇಲಿನ ಟಾರ್ಪಾಲು ತೆಗೆದಾಗ ಐವಿಗೆ ಅಳು ಬಂತು. ಮೇಲಿನ ಉರುಳೆಯ ತುಂಬ ತುಕ್ಕಿನ ಗುಳಿಗಳು. ಉರುಳೆಯಲ್ಲಿ ಒಂದು ಗುಳಿಯಿದ್ದರೆ ಪ್ರತಿ ಸುತ್ತಿಗೂ ತಗಡಿನ ಮೇಲೆ ಒಂದು ಕಲೆ ಬೀಳುತ್ತದೆ. ಪಕ್ಕದ ಶಾಪಿನಲ್ಲೇ ಹೊಳೆಯುವ ಎಂಟು ಚಕ್ರಗಳಿದ್ದವು. ಆದರೆ ಇನ್ನೊಬ್ಬರ ಚಕ್ರವನ್ನು ಮುಟ್ಟುವುದು ಇನ್ನೊಬ್ಬರ ಹಲ್ಲುಜ್ಜುವ ಬ್ರಷ್ ಬಳಸಿದ ಹಾಗೆ, ಅದು ಅಲ್ಲಿ ಯಾರೂ ಮಾಡದ ಕೆಲಸ. ಗಂಡ ಹೆಂಡತಿ ಮೂರು ದಿನ ಎಣ್ಣೆ, ಉಪ್ಪುಕಾಗದ ಹಿಡಿದು ಉಜ್ಜಿದರು. ನಾಲ್ಕನೆಯ ದಿನ ಅವಳು ಅದರಲ್ಲಿ ಮುಖ ನೋಡಿಕೊಂಡು ತಲೆಗೂದಲು ಸರಿಮಾಡಿಕೊಂಡಳು.

ಮೊದಲ ತಗಡು ಸೀಳಿತು. ತಪ್ಪು ಅವಳದೇ. ಹದಿನೈದು ವರ್ಷ ಕಿಟಕಿಯಿಂದ ಗಂಡಸರ ಕೆಲಸ ನೋಡಿ ನೋಡಿ ಅವಳೂ ನಡುವಿನಿಂದಲೇ ಶುರುಮಾಡಿದ್ದಳು. ಉಳಿದದ್ದು ಎರಡೇ ತಗಡು. ಕಾರಿಗೆ ಇರುವುದೂ ಎರಡೇ ಪಕ್ಕ. ಅವಳು ಬೆಂಚಿನ ಮೇಲೆ ಕುಸಿದು ಕೂತಳು.

"ಇದು ನನ್ನ ಕೈಲಾಗಲ್ಲ, ಸಿಡ್. ಅವರು ನಕ್ಕಿದ್ದೇ ಸರಿ."

ಸಿಡ್ ಚಹಾ ಬಗ್ಗಿಸಿಕೊಟ್ಟ. "ನಂಗೆ ಇದೆಲ್ಲ ತಿಳಿಯಲ್ಲ. ಆದ್ರೆ ಯುದ್ಧದ ಕಾಲದಲ್ಲಿ, ನಮ್ಮ ಮದುವೆ ಆದ ಹೊಸದರಲ್ಲಿ, ನೀನು ನಿದ್ದೇಲಿ ಒಂದು ಮಾತು ಆಡ್ತಿದ್ದೆ. ಅಂಚಿಗೆ ಬಡಿಸು, ಅಂಚಿಗೆ ಬಡಿಸು ಅಂತ. ನಾನು ಯಾವುದೋ ಮದುವೆ ಊಟ ಅಂದ್ಕೊಂಡಿದ್ದೆ."

ಐವಿ ಲೋಟ ಕೆಳಗಿಟ್ಟಳು. ಎರಡನೆಯ ತಗಡಿಗೆ ಬಟ್ಟೆ ಸೋಪು ಬಳಿದು, ಆ ಸೋಪು ಕಂದುಬಣ್ಣಕ್ಕೆ ತಿರುಗುವವರೆಗೆ ಕೆಳಗಿಂದ ಬೆಂಕಿ ಹಿಡಿದು ಹದ ಮಾಡಿಕೊಂಡಳು. ಅಂಚನ್ನು ಚಕ್ರಕ್ಕೆ ಕೊಟ್ಟಳು. "ಬಸ್ಸಿನ ಸ್ಟೀರಿಂಗ್ ಅಲ್ಲ ಸಿಡ್, ಸುಮ್ನೆ ಹಿಡ್ಕೊ, ತಿರುಗಿಸಬೇಡ." ಅಂಚು ಹಿಗ್ಗಿತು, ಹಿಗ್ಗಿದಂತೆ ನಡು ತಾನಾಗಿ ತಗ್ಗಿತು. ಮರುದಿನ ಮಧ್ಯಾಹ್ನ ಆ ತಗಡು ಚಾವಣಿಯಿಂದ ಬಾಲದವರೆಗೆ ನಿಟ್ಟುಸಿರು ಬಿಟ್ಟಂತೆ ಬಾಗಿ ನಿಂತಿತು. ಎಲ್ಲೂ ಸೀಳಿರಲಿಲ್ಲ. ಐವಿ ಕಣ್ಣು ಮುಚ್ಚಿ ಎಡಗೈ ಹಾಯಿಸಿದಳು. ಆಮೇಲೆ ಕಣ್ಣು ತೆರೆಯದೆ ಗಂಡನ ಕೆನ್ನೆಗೆ ಲೊಚಲೊಚ ಮುತ್ತಿಟ್ಟಳು.

ರಜೆ ಮುಗಿದ ಸೋಮವಾರ ಗಂಡಸರು ಬಿಸಿಲಿಗೆ ಕೆಂಪಾದ ಕುತ್ತಿಗೆ, ಸಿಪ್ಪೆ ಸುಲಿದ ಮೂಗುಗಳೊಂದಿಗೆ ಮರಳಿದರು. ಕಾಲ್ಮಣೆಯ ಮೇಲೆ ತಗಡಿತ್ತು. ಪಕ್ಕದಲ್ಲಿ ಪೆಟಿಫರ್ ಬೆವರುತ್ತ ನಿಂತಿದ್ದ. ಚರ್ಮದ ರಾಶಿ ತರುವ ನೆಪದಲ್ಲಿ ಐವಿ ಕಂಬದ ಹಿಂದೆ ನಿಂತಿದ್ದಳು. ಚಕ್ರವೋ ಸೂಜಿಯೋ, ಇನ್ನು ಒಂದು ನಿಮಿಷದಲ್ಲಿ ಗೊತ್ತಾಗಲಿತ್ತು.

"ಯಾರ್ದಯ್ಯಾ ಇದು?" ಎಂದ ಈನಕ್.

"ನೀವೇ ಹೇಳಬೇಕು," ಎಂದ ಪೆಟಿಫರ್.

ಈನಕ್ ಅಂಗಿಯ ತೋಳು ಮಡಿಚಿ ಕಣ್ಣು ಮುಚ್ಚಿದ. ಅಂಗೈ ಚಾವಣಿಯ ತುದಿಯಿಂದ ಇಳಿಯಿತು, ತಗ್ಗಿನಲ್ಲಿ ನಿಧಾನವಾಯಿತು, ಉಬ್ಬನ್ನು ಹತ್ತಿತು, ಬಾಲದಲ್ಲಿ ನಿಂತಿತು. ಮತ್ತೆ ಮೊದಲಿಂದ ಇಳಿಯಿತು. ಅವನು ಎರಡು ಸಲ ಕೈಯಾಡಿಸಿದ್ದನ್ನು ಯಾರೂ ಕಂಡಿರಲಿಲ್ಲ.

"ಪಾಸು," ಎಂದ. ಆಮೇಲೆ ದೊಡ್ಡ ದನಿಯಲ್ಲಿ, "ಇದು ನಂದು."

"ನಿಮ್ದಾ? ಯಾವಾಗ ಮಾಡಿದ್ರಿ?" ಎಂದ ಒಬ್ಬ ಮೆಲ್ಲಗೆ.

"ಹೋಗೋ ಮುಂಚೆ... ಹನ್ನೊಂದನೇದು ಇರಬೇಕು."

"ಹನ್ನೊಂದನೇದು ಗುಜರಿಗೆ ಹೋಯ್ತಲ್ಲ, ಈನಕ್."

"ಹಾಗಾದ್ರೆ ಹನ್ನೆರಡನೇದು! ನನ್ನ ಕೈ ನಂಗೆ ಗೊತ್ತಿಲ್ವೇನ್ರಯ್ಯಾ? ನಲವತ್ತು ವರ್ಷದಿಂದ ಈ ಕೈಲೇ ಉಣ್ತಿದೀನಿ!"

"ಅಂಗೈ ಹೇಳಿದ್ದನ್ನ ಹಿಂದಕ್ಕೆ ತಗೊಳ್ಳೋ ಹಾಗಿಲ್ಲ, ಅಲ್ವಾ?" ಎಂದು ಪೆಟಿಫರ್ ಖಚಿತಪಡಿಸಿಕೊಂಡ.

"ನಾನು ಯಾವತ್ತಯ್ಯಾ ತಗೊಂಡಿದೀನಿ?"

ಆಗ ಐವಿ ಕಂಬದ ಹಿಂದಿನಿಂದ ಹೊರಬಂದಳು. "ನಿಮ್ಮ ಕೈಯೇ, ಮಿಸ್ಟರ್ ಟ್ರಾಂಟರ್. ನಲವತ್ತೆರಡರಲ್ಲಿ ನಂಗೆ ಕೊಟ್ಟಿದ್ರಿ. ನಾನು ಹಾಗೇ ಇಟ್ಕೊಂಡಿದ್ದೆ."

ಈನಕ್‌ನ ಸುಟ್ಟ ಮುಖ ಇನ್ನಷ್ಟು ಕೆಂಪಾಯಿತು. ಅವನು ತಗಡಿನ ಹತ್ತಿರ ಬಗ್ಗಿ, ಈ ಸಲ ಕಣ್ಣು ಬಿಟ್ಟು, ಅಂಚುಗಳನ್ನು ಒಂದೊಂದಾಗಿ ನೋಡಿದ. ಒಳಮೈಯನ್ನು ತಡವಿದ.

"ಅಂಚಿಂದ ಶುರು ಮಾಡಿದೀಯ."

"ನೀವೇ ಹೇಳಿಕೊಟ್ಟಿದ್ದು."

"ಹೂಂ. ನಾನೇ ಮರ್ತೆ." ಅವನು ಸೊಂಟ ನೆಟ್ಟಗೆ ಮಾಡಿದ. "ಆದ್ರೆ ಇದರಲ್ಲಿ ಒಂದು ತಪ್ಪಿದೆ."

ಈನಕ್ ತನ್ನ ಹತಾರದ ಪೆಟ್ಟಿಗೆಯ ಹತ್ತಿರ ಹೋಗಿ, ತಳದವರೆಗೆ ಕೈ ಹಾಕಿ ಕೆದಕಿ, ಒಂದು ತಗಡಿನ ಡಬ್ಬಿ ತೆಗೆದ. ಅದರೊಳಗಿಂದ ಎಣ್ಣೆಬಟ್ಟೆ ಸುತ್ತಿದ ಒಂದೇ ಒಂದು ಅಚ್ಚು ತೆಗೆದು ಅವಳ ಕೈಗಿಟ್ಟ. ಅದಕ್ಕೆ ತುಕ್ಕು ಹಿಡಿದಿರಲಿಲ್ಲ. ಹದಿನೈದು ವರ್ಷ ಯಾರೋ ಅದಕ್ಕೆ ಎಣ್ಣೆ ಸವರುತ್ತ ಬಂದಿದ್ದರು.

"ಗುರುತು ಹಾಕಿಲ್ಲ," ಎಂದ. "ಹಾಕು."

ಐವಿ ಹಾಕಿದ ಏಟು ಅಂಗಳದಾಚೆಯ ಚರ್ಮದ ಶಾಪಿಗೂ ಕೇಳಿಸಿತಂತೆ. ಮುಂದಿನ ಗುರುವಾರ ಕ್ಯಾಂಟೀನಿನಲ್ಲಿ ಸಂಘದ ಸಭೆ ಸೇರಿತು. ಚಕ್ರದ ಕೆಲಸಕ್ಕೆ ಅವಳ ಹೆಸರು ಸೂಚಿಸಿದವನು ಈನಕ್‌ನೇ. ವಿರುದ್ಧವಾಗಿ ಎರಡು ಕೈ ಎದ್ದವು, ಅವನು ತಿರುಗಿ ನೋಡಿದ ಮೇಲೆ ಒಂದು ಇಳಿಯಿತು. ಉಳಿದಿದ್ದ ಒಂದು ತಗಡನ್ನು ಬಲಪಕ್ಕಕ್ಕೆಂದು ಈನಕ್‌ನೇ ಎಳೆದ, ಈ ಸಲ ಅಂಚಿನಿಂದ.

ಅಕ್ಟೋಬರಿನಲ್ಲಿ ಐವಿ, ಸಿಡ್ ರೈಲು ಹಿಡಿದು ಲಂಡನ್ನಿಗೆ ಹೋದರು. ಬೆಳ್ಳಿಬಣ್ಣದ ಸಿಂಪ್ಲನ್ ವೇದಿಕೆಯ ಮೇಲೆ ತಿರುಗುತ್ತಿತ್ತು. ಜನ ಹಗ್ಗದಾಚೆ ಬಾಯಿ ಬಿಟ್ಟು ನಿಂತಿದ್ದರು. ಅದು ಹತ್ತಿರ ತಿರುಗಿ ಬಂದಾಗ ಐವಿ ಹಗ್ಗದ ಮೇಲಿಂದ ಬಗ್ಗಿ ಅಂಗೈ ಇಟ್ಟಳು. ಕಾವಲಿನವನು ಓಡಿಬಂದ. "ಅಮ್ಮಾ, ಮುಟ್ಟೋ ಹಾಗಿಲ್ಲ!"

"ಅವಳು ಮುಟ್ಟಿ ಮುಟ್ಟಿಯೇ ಅದು ಹೀಗಾಗಿರೋದು ಕಣಪ್ಪಾ," ಎಂದ ಸಿಡ್. ಸುತ್ತಲಿನವರೆಲ್ಲ ಅವಳನ್ನು ತಿರುಗಿ ನೋಡುವಷ್ಟು ಗಟ್ಟಿಯಾಗಿ ಎಂದ.

ಏಳು ವರ್ಷ ಆ ಶಾಪಿನಲ್ಲಿ ಎಡಪಕ್ಕದ ಬೆನ್ನು ಐವಿಯದು, ಬಲಪಕ್ಕದ್ದು ಈನಕ್‌ನದು. ಸಿಂಪ್ಲನ್‌ನ ಮೂತಿ ಉದ್ದವಾಯಿತು, ದೀಪಗಳ ಮೇಲೆ ಗಾಜು ಬಂತು, ಎಂಜಿನ್ ದೊಡ್ಡದಾಯಿತು, ಬೆನ್ನು ಮಾತ್ರ ಹಾಗೇ ಉಳಿಯಿತು. ಅರುವತ್ತೇಳರ ಹೊತ್ತಿಗೆ ಕ್ವೆನೆಲ್ ಸಾಹೇಬರ ಮೇಜಿನ ಮೇಲೆ ಹೊಸ ಚಿತ್ರಗಳಿದ್ದವು. ಎಲ್ಲ ನೇರ ಗೆರೆ, ಚೂಪು ಮೂಲೆ, ಕೇಕಿನಿಂದ ಕತ್ತರಿಸಿದ ತುಂಡಿನ ಹಾಗೆ. ಈನಕ್ ಅದನ್ನು ನೋಡಿ, "ಇದನ್ನ ಮಾಡೋಕೆ ಚಕ್ರ ಯಾಕೆ, ಕತ್ತರಿ ಸಾಕು," ಎಂದು ನಿವೃತ್ತಿಯ ಕಾಗದ ತರಿಸಿಕೊಂಡ.

ಅವನ ಕೊನೆಯ ಶುಕ್ರವಾರ ಕೊನೆಯ ಬಲಪಕ್ಕದ ಬೆನ್ನು ಕಾಲ್ಮಣೆಯ ಮೇಲಿತ್ತು. ಈ ಒಂದನ್ನು ತಾನೇ ಪಾಸು ಮಾಡಲು ಈನಕ್ ಒಪ್ಪಲಿಲ್ಲ. ಅಂಗೈ ಇಡುವ ಸರದಿ ಈಗ ಶಾಪಿನ ಹಿರಿಯ ಕುಶಲಕರ್ಮಿಯಾಗಲಿರುವ ಐವಿಯದು. ಎಲ್ಲರೂ ಸುತ್ತ ನೆರೆದರು. ಅವಳು ಕಣ್ಣು ಮುಚ್ಚಿದಳು. ಬೆರಳ ಅಗಲದಷ್ಟು ಹೋಗುವುದರೊಳಗೆ ಇದು ಈನಕ್‌ನದೇ ಎಂದು ಅಂಗೈಗೂ ಗೊತ್ತಾಯಿತು. ಕೊನೆಯ ಅಂಚನ್ನು ಕೂದಲಿನಷ್ಟು ದಪ್ಪ ಬಿಡುವುದು ಅವನೊಬ್ಬನೇ. ಆದರೂ ಅಂಗೈ ಪೂರಾ ಇಳಿಯಿತು, ತಗ್ಗಿನಲ್ಲಿ ನಿಧಾನವಾಯಿತು, ಬಾಲದಲ್ಲಿ ನಿಂತಿತು.

"ಪಾಸು," ಎಂದಳು. ಆಮೇಲೆ ದೊಡ್ಡ ದನಿಯಲ್ಲಿ, "ಇದು ನಂದು."

ಮರುಕ್ಷಣ ಶಾಪಿನ ತಗಡೆಲ್ಲ ಅದುರುವಂತೆ ನಗೆ ಎದ್ದಿತು, ಸುತ್ತಿಗೆಗಳು ಬೆಂಚು ಬಡಿದವು. ಈನಕ್ ಮೀಸೆ ಒರೆಸಿಕೊಂಡ. ಕಣ್ಣನ್ನೂ ಒರೆಸಿಕೊಂಡ.

"ಹಿಂದಕ್ಕೆ ತಗೊಳೇ ಹುಡುಗಿ," ಎಂದ.

"ತಗೊಳ್ಳೋ ಹಾಗಿಲ್ವಲ್ಲ, ಮಿಸ್ಟರ್ ಟ್ರಾಂಟರ್," ಎಂದಳು ಐವಿ. "ರೂಲ್ಸು ನಂದಲ್ಲ."

ಅವನು ತನ್ನ ಅಚ್ಚನ್ನು ತೆಗೆದು ಒಳಮೈಯ ಮೂಲೆಯಲ್ಲಿ ಹನ್ನೆರಡು ಎಂದು ಹೊಡೆದ. ಆಮೇಲೆ ಸುತ್ತಿಗೆಯ ಹಿಡಿಯನ್ನು ಅವಳ ಕಡೆಗೆ ತಿರುಗಿಸಿ ಕೊಟ್ಟ. ಐವಿ ಪಕ್ಕದಲ್ಲೇ ನಲವತ್ತೇಳು ಹೊಡೆದಳು.